ಮದುಮಗನ ಕಾರು: ಬಾಗಿಲ ಮೇಲಿನ ಕೈ

"ಇದು ಆ ಕಾರಲ್ಲ ಹಾಝಿಮ್ ಬೇ," ಎಂದೆ.

ಚಾಲಕನ ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದೆ. ಬಾಗಿಲ ಕೆಳಮೂಲೆಯಲ್ಲಿ ಬ್ಲೇಡಿನಿಂದ ಬೆರಳಗಲದಷ್ಟು ಬಣ್ಣ ಕೆರೆದಾಗಿತ್ತು. ಮೇಲೆ ಕಪ್ಪು, ಅದರಡಿ ಕೆಂಪು, ಕೆಂಪಿನಡಿ ಬೆಣ್ಣೆಯಂಥ ಹಳದಿ. ಹಳದಿಯ ಕೆಳಗೆ ಕಾರ್ಖಾನೆಯವರು ಬಳಿದ ನೀಲಿ, ಆಮೇಲೆ ಬರಿಯ ತಗಡು.

'ಬೇ' ಎಂದರೆ ನಮ್ಮಲ್ಲಿ ಸಾಹೇಬ. ಹಾಝಿಮ್ ಅಲ್ಫಿ ಕಿವಿ ಕೇಳಿಸದವನ ಹಾಗೆ ನಿಂತ. ಅರವತ್ತು ದಾಟಿದ ಮನುಷ್ಯ. ಕೂದಲಿಗೆ ಕಪ್ಪು ಹಚ್ಚಿದ್ದ, ಇಸ್ತ್ರಿ ಮುರಿಯದ ಲಿನನ್ ಅಂಗಿ ತೊಟ್ಟಿದ್ದ. ಅಪ್ಪ ತೆಗೆದ ಸಿನಿಮಾಗಳ ಹೆಸರು ಹೇಳಿಕೊಂಡೇ ಕೈರೋದ ಎಲ್ಲ ಪಾರ್ಟಿಗಳಲ್ಲಿ ಉಂಡವನು.

"ಏನಂದ್ರಿ?"

"'ಮೊಕತ್ತಮ್ ಮದುಮಗ' ಸಿನಿಮಾದಲ್ಲಿ ಕಾರು ಬಿಳಿ. ಹಾಲಿನಂಥ ಬಿಳಿ. ಇಡೀ ಈಜಿಪ್ಟು ನೋಡಿದೆ. ನಿಮ್ಮ ಶೆವರ್ಲೆಗೆ ಹುಟ್ಟಿದಾಗಿನಿಂದ ಬಿಳಿ ಸೋಕಿಯೇ ಇಲ್ಲ. ಕೊಳ್ಳೋ ದುಬೈ ಸಾಹೇಬರಿಗೆ ಇದು ಅಸಲಿ ಅಂತ ನಾನು ಸಹಿ ಹಾಕಲ್ಲ."

"ಲಬೀಬ್ ಬೇ, ನೀವು ಇಲ್ಲಿಗೆ ಬರೋಕೆ ಮುಂಚೆ ಕಣ್ಣಿನ ಡಾಕ್ಟರ ಹತ್ರ ಹೋಗಿ ಬರಬೇಕಿತ್ತು."

"ಕಣ್ಣು ಚೆನ್ನಾಗೇ ಇದೆ. ಸಕ್ಕರೆ ಕಾಯಿಲೆ ಕಾಲಿಗೆ ಮಾತ್ರ ಇಳಿದಿರೋದು."

ಕಾರಿನ ವಿಷಯದಲ್ಲಿ ನಾನು ಸುಳ್ಳು ಹೇಳುತ್ತಿದ್ದೆ. ಬಿಳಿ ಇರುವುದಿಲ್ಲ, ಹಳದಿಯೇ ಇರುತ್ತದೆ ಎಂದು ನನಗೆ ಮನೆ ಬಿಡುವಾಗಲೇ ಗೊತ್ತಿತ್ತು. ಆದರೆ ಕೈರೋದ ಸಂಚಾರ ಪೊಲೀಸಿನಲ್ಲಿ ಅಪಘಾತದ ಕಾರುಗಳನ್ನು ಪರೀಕ್ಷಿಸುತ್ತ ತಲೆ ನರೆಸಿಕೊಂಡ ನನಗೆ ಜಂಬದ ಜನರ ಪರಿಚಯ ಚೆನ್ನಾಗಿದೆ. ಅವರಿಗೆ 'ಹೌದು' ಎಂದರೆ ಕೈಕುಲುಕಿ ಗೇಟಿನವರೆಗೆ ಬಿಟ್ಟು ಬರುತ್ತಾರೆ. 'ಇಲ್ಲ' ಎಂದರೆ ಹಿಡಿದು ಕೂರಿಸಿ ಕೇಳದ್ದನ್ನೂ ಹೇಳುತ್ತಾರೆ.

ನನಗೆ ಬೇಕಾಗಿದ್ದದ್ದು ಆ ಕೇಳದ ಮಾತು. ಅದು ಬೇಕಾಗಿದ್ದವಳು ಇದೇ ಬಂಗಲೆಯ ಗೇಟಿನಾಚೆ, ನನ್ನ ಲಡಕಾಸಿ ಫಿಯಟ್‌ನಲ್ಲಿ, ಮಾದಿ ಬಡಾವಣೆಯ ಮರಗಳ ನೆರಳಿನಲ್ಲಿ ಕೂತಿದ್ದಳು. ಹೆಸರು ಇನ್ಶಿರಾ. ಮೊಮ್ಮಕ್ಕಳಿರುವ ಹೆಂಗಸು. ಆದರೂ ಅವಳ ಬೀದಿಯಲ್ಲಿ ಇವತ್ತಿಗೂ ಅವಳು 'ಕುಡುಕ ಜಕರಿಯಾನ ಮಗಳು'.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಮೊಕತ್ತಮ್ ಬೆಟ್ಟದ ಮೇಲೆ ಆ ಸಿನಿಮಾದ ಕಡೆಯ ದೃಶ್ಯ ತೆಗೆಯುವಾಗ ಕಾರು ಪ್ರಪಾತಕ್ಕೆ ಬಿದ್ದು ಹೊತ್ತಿಕೊಂಡಿತು. ನಾಯಕನ ಬದಲು ಕಾರು ಓಡಿಸುತ್ತಿದ್ದ ಜಕರಿಯಾ ಗುರುತು ಸಿಗದಷ್ಟು ಸುಟ್ಟುಹೋದ. ತುದಿಗೆ ಬರುವ ಮೊದಲೇ ಹಾರಬೇಕಿತ್ತು, ಕುಡಿದಿದ್ದ, ಹಾರಲಿಲ್ಲ ಎಂದರು ನಿರ್ಮಾಪಕ ಫೂಆದ್ ಅಲ್ಫಿ, ಅಂದರೆ ಈ ಹಾಝಿಮ್‌ನ ಅಪ್ಪ. ಹೆಣವನ್ನು ಗುರುತಿಸಿದ್ದು ಜಕರಿಯಾನ ಅಣ್ಣ ಮಿತ್ವಲ್ಲಿ. ಹೌದು, ಕುಡಿಯುತ್ತಿದ್ದ ಎಂದು ಹೇಳಿದ್ದೂ ಅವನೇ.

ಕುಡಿದು ಸತ್ತವನಿಗೆ ಮನೆತನದ ಗೋರಿಯಲ್ಲಿ ಜಾಗವಿಲ್ಲ ಎಂದು ಮಿತ್ವಲ್ಲಿ ತಮ್ಮನನ್ನು ಧರ್ಮದ ಗೋರಿಯಲ್ಲಿ, ದಿಕ್ಕಿಲ್ಲದವರ ಪಕ್ಕ ಹೂಳಿಸಿದ. ಈಗ ಆ ಗೋರಿಗಳ ಮೇಲೆ ಮೇಲ್ಸೇತುವೆ ಬರುತ್ತಿದೆ. ಶುಕ್ರವಾರದೊಳಗೆ ತಮ್ಮವರ ಮೂಳೆಗಳನ್ನು ಬೇರೆ ಕಡೆ ಒಯ್ಯದಿದ್ದವರದ್ದನ್ನೆಲ್ಲ ಒಂದೇ ಗುಂಡಿಗೆ ಹಾಕುತ್ತಾರೆ. ಮನೆತನದ ಗೋರಿಯ ಕೋಣೆಯ ಬೀಗದ ಕೈ ತೊಂಬತ್ತರ ಮುದುಕ ಮಿತ್ವಲ್ಲಿಯ ಹತ್ತಿರವಿದೆ. ಅವನ ಬಾಯಲ್ಲಿ ಇಂದಿಗೂ ಅದೇ 'ಇಲ್ಲ'.

ಅಪ್ಪ ಕುಡಿದಿರಲಿಲ್ಲ ಎಂದು ತೋರಿಸಿಕೊಟ್ಟರೆ ದೊಡ್ಡಪ್ಪ ಬೀಗ ತೆಗೆಯುತ್ತಾನೆ. ಇನ್ಶಿರಾಳಿಗೆ ಉಳಿದಿದ್ದದ್ದು ಈ ಒಂದೇ ಆಸೆ.

"ಬಿಳಿ ಕಾರಿಗೆ ಬಿಳಿ ಬಣ್ಣ ಹೊಡೀತಾರಾ?" ಹಾಝಿಮ್ ಕೂಗಿದ. "ಸಿನಿಮಾ ಅಂದ್ರೆ ಏನಂದ್ಕೊಂಡಿದೀರಿ? ಟ್ರಾಫಿಕ್ ಸಿಗ್ನಲ್ಲಾ?"

"ಹೇಳಿ, ಕಲ್ತ್ಕೋತೀನಿ."

"ಕಪ್ಪು-ಬಿಳುಪಿನ ಕಾಲ. ಈ ನಮ್ಮ ಬಿಸಿಲಲ್ಲಿ ನಿಜವಾದ ಬಿಳಿ ಕಾರು ನಿಲ್ಲಿಸಿದ್ರೆ ಪರದೆ ಮೇಲೆ ಕಾರೇ ಕಾಣಲ್ಲ, ಬರೀ ಬೆಳಕಿನ ಉಂಡೆ. ಅದಕ್ಕೇ ಹಳದಿ ಹೊಡೆಸ್ತಿದ್ರು. ಪರದೆ ಮೇಲೆ ಅದು ಮುದ್ದಾದ ಬಿಳಿ ಆಗುತ್ತೆ. ಮದುಮಗಳ ಬಟ್ಟೆನೂ ಚಹಾದಲ್ಲಿ ಅದ್ದಿ ಒಣಗಿಸ್ತಿದ್ರು. ನೀವು ಕೆರೆದಿರೋ ಆ ಹಳದಿ ಇದೆಯಲ್ಲ, ಅದೇ ಇದು ಸಿನಿಮಾ ಕಾರು ಅನ್ನೋದಕ್ಕೆ ಸಾಕ್ಷಿ. ಬಿಳಿ ಸಿಕ್ಕಿದ್ರೆ ನಾನೇ ನಕಲಿ ಅಂತಿದ್ದೆ!"

ಎದೆ ಉಬ್ಬಿಸಿ ನಿಂತ. ನಾನು ಮೂಗು ಮುರಿದೆ.

"ಸರಿ, ಸಿನಿಮಾ ಕಾರೇ ಇರಲಿ. ಆ ಸಿನಿಮಾದ್ದು ಹೇಗಾಗುತ್ತೆ? ಇದ್ದದ್ದು ಒಂದೇ ಕಾರು, ಅದು ಬಿದ್ದು ಸುಟ್ಟುಹೋಯ್ತು. ನಿಮ್ಮ ತಂದೆ ಪತ್ರಿಕೆಯವರೆಲ್ಲರ ಮುಂದೆ ಅತ್ತಿದ್ರಲ್ಲ, 'ನನ್ನ ಹುಡುಗನೂ ಹೋದ, ನನ್ನ ಕಾರೂ ಹೋಯ್ತು' ಅಂತ?"

"ಅಪ್ಪ ತನ್ನ ಹೀರೋಗಳಿಗಿಂತ ಚೆನ್ನಾಗಿ ಅಳ್ತಿದ್ದ." ಹಾಝಿಮ್ ನಕ್ಕ. "ಯಾವ ಮೂರ್ಖ ಹೊಸ ಶೆವರ್ಲೆನ ಬೆಟ್ಟದಿಂದ ಬೀಳಿಸ್ತಾನೆ ಹೇಳಿ? ಎರಡು ಕಾರಿತ್ತು. ಓಡೋದಕ್ಕೆ ಒಂದು, ಇದು. ಬೀಳೋದಕ್ಕೆ ಇನ್ನೊಂದು. ಅದು ಗುಜರಿಯಿಂದ ತಂದ ಖಾಲಿ ಡಬ್ಬಾ. ಎಂಜಿನ್ ಇಲ್ಲ, ಗೇರ್ ಇಲ್ಲ, ಏನೂ ಇಲ್ಲ. ಹಿಂದಿನಿಂದ ಆಳುಗಳು ತಳ್ಳಿದ್ರು, ಬಿತ್ತು."

ಒರೆಸುವ ನೆಪದಲ್ಲಿ ಬಾಗಿಲಿಗೆ ಮುಖ ಹತ್ತಿರ ಮಾಡಿಕೊಂಡೆ. ನನ್ನ ಮುಖ ಅವನಿಗೆ ಕಾಣಬಾರದಿತ್ತು. ಅರವತ್ತು ವರ್ಷದಿಂದ ಒಂದು ಮನೆಯನ್ನು ಸುಡುತ್ತಿದ್ದ ಸುಳ್ಳನ್ನು ಈ ಮನುಷ್ಯ ನಿಂಬೆ ಶರಬತ್ತಿನ ಗುಟುಕಿನ ಜೊತೆ ಹೇಳಿ ಮುಗಿಸಿದ್ದ. ಹೇಳಿದ್ದು ಅವನಿಗೇ ಗೊತ್ತಾಗಲಿಲ್ಲ.

"ಬಾಯಿಮಾತಿಗೆ ಏನು ಬೆಲೆ, ಬೇ? ಹಳದಿ ಹೊಡೆದ ಕಾರು ಆ ಕಾಲದಲ್ಲಿ ಬೇಕಾದಷ್ಟು ಓಡಾಡಿವೆ. ದುಬೈ ಸಾಹೇಬರು ನಾಳೆ ನನ್ನ ಕೊರಳಪಟ್ಟಿ ಹಿಡೀತಾರೆ. 'ಯಾವ ದೃಶ್ಯದಲ್ಲಿದೆ ತೋರಿಸು' ಅಂದ್ರೆ ಏನು ತೋರಿಸಲಿ?"

ಹಾಝಿಮ್ ಲೋಟ ಕೆಳಗಿಟ್ಟ. ಕಣ್ಣು ಹೊಳೆಯಿತು.

"ಕೈ!" ಎಂದ. "ಕೈ ಮರೆತ್ರಾ?"

ಮರೆಯುವುದುಂಟೇ! ಈಜಿಪ್ಟಿನಲ್ಲಿ ಆ ಕೈಯನ್ನು ನೋಡಿ ನಗದವರಿಲ್ಲ. ಮದುಮಗನ ಬಿಳಿ ಕಾರು ಬೆಟ್ಟ ಹತ್ತುತ್ತದೆ. ಬಾಗಿಲು ಕನ್ನಡಿಯ ಹಾಗೆ ಸ್ವಚ್ಛ. ಕಡೆಯ ತಿರುವಿನಲ್ಲಿ ಕಾರು ದೂರದಿಂದ ಹಾದುಹೋಗುವಾಗ ಮಾತ್ರ ಬಾಗಿಲ ಮೇಲೆ ಒಂದು ಕಪ್ಪು ಹಸ್ತ ಕಾಣುತ್ತದೆ. ರೆಪ್ಪೆ ಬಡಿದು ನೋಡಿದರೆ ಮತ್ತೆ ಬಾಗಿಲು ಖಾಲಿ, ಕಾರು ಗಾಳಿಯಲ್ಲಿ. ಕಾಫಿ ಅಂಗಡಿಗಳಲ್ಲಿ ಟಿ.ವಿ. ಮುಂದೆ ಕೂತವರು ಆ ಗಳಿಗೆಗಾಗಿ ಕಾದು, 'ಬಂತು ನೋಡ್ರೋ, ಅತ್ತೆ ಕೊಟ್ಟ ಏಟು!' ಎಂದು ಕಿರುಚುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಅದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ಅಪಾಯದ ದೃಶ್ಯವಿದ್ದ ದಿನ ಕುರಿ ಕಡಿದು, ಬಿಸಿ ರಕ್ತದಲ್ಲಿ ಬಲಗೈ ಅದ್ದಿ, ಯಾವುದಕ್ಕೆ ಕೇಡಾಗಬಾರದೋ ಅದರ ಮೇಲೆ ಒತ್ತುತ್ತಾರೆ. ಹೊಸ ಕಾರು ಕೊಂಡಾಗ ನಮ್ಮ ಓಣಿಯಲ್ಲಿ ಮುಸಲ್ಮಾನರೂ ಒತ್ತುತ್ತಾರೆ, ನಮ್ಮ ಕಾಪ್ಟ್ ಕ್ರೈಸ್ತರೂ ಒತ್ತುತ್ತಾರೆ. ದೃಷ್ಟಿ ತಾಗಬಾರದಲ್ಲ. ಅವತ್ತು ಕಾರು ಓಡಿಸುವವನು ಬಾಗಿಲಿಗೆ ಕೈ ಒತ್ತಿ ಹತ್ತಿದ. ಹರಕೆಯ ರಕ್ತ ಒರೆಸಲು ಯಾರಿಗೂ ಧೈರ್ಯ ಬರಲಿಲ್ಲ. ದೂರದ ಕ್ಯಾಮೆರಾಗೆ ಕಾಣುವುದಿಲ್ಲ ಎಂದುಕೊಂಡರು, ಕಂಡಿತು.

ಹಾಝಿಮ್ ಟ್ಯಾಬಿನಲ್ಲಿ ಆ ದೃಶ್ಯ ಹಾಕಿ ನನ್ನ ಮೂಗಿಗೆ ಹಿಡಿದ.

"ನೋಡಿ. ತಿರುವು. ಬಾಗಿಲು. ಕೈ. ಈಗ ಬೀಳೋ ಕಾರು ನೋಡಿ, ಅದರ ಬಾಗಿಲಲ್ಲಿ ಕೈ ಇದೆಯಾ? ಇಲ್ಲ. ಯಾಕಂದ್ರೆ ಅದು ಡಬ್ಬಾ. ಕೈ ಇರೋದು ಓಡಿದ ಕಾರಿನ ಮೇಲೆ, ಅಂದ್ರೆ ಈ ಕಾರಿನ ಮೇಲೆ."

"ಇತ್ತು ಅನ್ನಿ. ತೊಳೆದುಹೋಗಿರುತ್ತೆ."

"ತೊಳೆದಿರಬೇಕು." ಸ್ವರ ಇಳಿಯಿತು.

"ತೊಳೆಯದೆ ಇದ್ದಿದ್ರೆ ಒಂದು ದಾರಿ ಇತ್ತು. ರಕ್ತ ಬಿಸಿಲಲ್ಲಿ ಒಣಗಿ ಹಾಗೇ ಕೂತ್ರೆ ಆ ಕಾಲದ ಬಣ್ಣನ ತಿನ್ನುತ್ತೆ. ಮೇಲೆ ಹತ್ತು ಸಲ ಬಳಿದ್ರೂ ಕೆಳಗಿನ ಗಾಯ ಹೋಗಲ್ಲ." ನಾನು ಬ್ಲೇಡನ್ನು ಮಡಚಿ ಜೇಬಿಗೆ ಹಾಕುವವನಂತೆ ಮಾಡಿದೆ. "ಆದ್ರೆ ಬಾಗಿಲಿನ ಬಣ್ಣ ಎಲ್ಲ ತೆಗೀಬೇಕಾಗುತ್ತೆ. ನೀವು ಒಪ್ಪಲ್ಲ. ಬಿಡಿ."

"ಯಾರು ಒಪ್ಪಲ್ಲ ಅಂದ್ರು? ತೆಗೀರಿ!"

"ಕೈ ಸಿಕ್ಕಿದ್ರೆ ಆ ತಿರುವಿನಲ್ಲಿ ಓಡಿದ ಕಾರು ಇದೇ ಅಂತ ಬರೆದು ಸಹಿ ಹಾಕ್ತೀನಿ. ನಿಮ್ಮದೂ ಒಂದು ಸಹಿ ಬೇಕು. ಎರಡು ಕಾರು ಇತ್ತು, ಬಿದ್ದಿದ್ದು ಎಂಜಿನ್ ಇಲ್ಲದ್ದು ಅಂತ."

"ಹತ್ತು ಸಹಿ ಹಾಕ್ತೀನಿ ಕಣ್ರಿ!"

ಅವನೇ ತೋಳು ಮಡಚಿದ. ಬಣ್ಣ ಕರಗಿಸುವ ದ್ರಾವಣವನ್ನು ಬಟ್ಟೆಗೆ ಹಾಕಿ ಕೊಟ್ಟೆ, ಒರೆಸಿದ. ಕಪ್ಪು ಬಿಟ್ಟಿತು. ಕೆಂಪು ಬರಲು ಹಟ ಮಾಡಿತು. ನೀರು ಹಾಕಿ ನಯವಾದ ಉಜ್ಜುಕಾಗದದಿಂದ ನಾನು ತಿಕ್ಕಿದೆ, ಮಕ್ಕಳ ಬೆನ್ನು ತಿಕ್ಕುವಷ್ಟು ಮೆತ್ತಗೆ. ಜೂನ್ ತಿಂಗಳ ಬಿಸಿಲು ಶೆಡ್ಡಿನ ತಗಡಿನ ಮೇಲೆ ಕೂತಿತ್ತು. ಹಾಝಿಮ್‌ನ ತಲೆಯ ಕಪ್ಪು ಬಣ್ಣ ಬೆವರಿನ ಜೊತೆ ಕಿವಿಯ ಹಿಂದೆ ಇಳಿಯುತ್ತಿತ್ತು. ಲಿನನ್ ಅಂಗಿ ಹಾಳಾದದ್ದೂ ಅವನಿಗೆ ಲೆಕ್ಕಕ್ಕೆ ಬರಲಿಲ್ಲ.

ಹಳದಿ ತೆರೆದುಕೊಂಡಿತು. ಬಾಗಿಲ ಹಿಡಿಯ ಕೆಳಗೆ ಹಳದಿಯೊಳಗೆ ಒಂದು ಕಂದು ಕಲೆ. ಒದ್ದೆ ಬಟ್ಟೆಯಿಂದ ಒರೆಸಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟೆ.

ಮೊದಲು ಅಂಗೈ ಕಂಡಿತು. ಆಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು, ಮೇಲಿನ ಗೆಣ್ಣು ಇಲ್ಲ. ಕಿರುಬೆರಳು ಸರಿಯಾಗಿತ್ತು. ಬಣ್ಣ ಅಲ್ಲೆಲ್ಲ ಸಣ್ಣಗೆ ಕುಳಿಬಿದ್ದು, ಬೆರಳಿಟ್ಟರೆ ಒರಟು ಸಿಗುತ್ತಿತ್ತು.

ಹಾಝಿಮ್ ನನ್ನ ಹಣೆಗೆ ಮುತ್ತು ಕೊಟ್ಟ. ಆಣೆ ಮಾಡಿ ಹೇಳುತ್ತೇನೆ, ಕೊಟ್ಟ.

"ಸಿಕ್ತು! ಲಬೀಬ್ ಬೇ, ನೀವು ಬಂಗಾರ! ಎಲ್ಲಿ ಸಹಿ?"

ಕಾಗದ ಚಾಚಿದೆ. ಎರಡು ಸಾಲು. ಓದದೆ ಗೀಚಿದ. ಅದನ್ನು ಮಡಚಿ ಒಳಜೇಬಿಗಿಟ್ಟು, ಮೊಬೈಲಿನಲ್ಲಿ ಬಾಗಿಲ ಚಿತ್ರಗಳನ್ನು ತೆಗೆದುಕೊಂಡೆ. ಮಂಡಿ ಹಿಡಿದುಕೊಂಡು ಎದ್ದೆ. ಇನ್ನು ನಾಟಕ ಬೇಕಿರಲಿಲ್ಲ.

"ಹಾಝಿಮ್ ಬೇ, ಈ ರಕ್ತನ ಯಾಕೆ ಯಾರೂ ತೊಳೀಲಿಲ್ಲ?"

"ಅಂದ್ರೆ?"

"ಶೂಟಿಂಗ್ ಮುಗಿದ ಕಾರನ್ನ ತೊಳೆದು ನಿಲ್ಲಿಸ್ತಾರೆ. ಇದನ್ನ ತೊಳೀಲಿಲ್ಲ. ಬಣ್ಣ ಇಷ್ಟು ತಿಂದಿದೆ ಅಂದ್ರೆ ತಿಂಗಳುಗಟ್ಟಲೆ ಬಿಸಿಲಲ್ಲಿ ಹಾಗೇ ಇತ್ತು. ಆಮೇಲೆ ಉಜ್ಜದೇನೇ, ಕಣ್ಣಿಗೆ ಕಾಣದಿದ್ರೆ ಸಾಕು ಅಂತ ಮೇಲೆ ಕೆಂಪು ಬಳಿದ್ರು. ಯಾರಿಗೂ ಈ ಕಾರನ್ನ ಮುಟ್ಟೋಕೆ ಮನಸ್ಸಿರಲಿಲ್ಲ. ಅಥವಾ ಯಾರೂ ನೋಡಬಾರದು ಅಂತ ಎಲ್ಲೋ ಬಚ್ಚಿಟ್ಟಿದ್ರು."

"ಅವತ್ತು ಸಾವಾಯ್ತಲ್ಲ. ಕಾರು ತೊಳೆಯೋ ಮನಸ್ಸು ಯಾರಿಗಿರುತ್ತೆ?"

"ಸಾವು ಆ ಇನ್ನೊಂದು ಕಾರಲ್ಲಿ ಅಲ್ವಾ ಆಗಿದ್ದು?"

ಹಾಝಿಮ್ ಕೆಳಗಿಟ್ಟ ಲೋಟಕ್ಕೆ ಕೈ ಹಾಕಿದ.

"ಎಂಜಿನ್ ಇಲ್ಲದ ಕಾರು," ಎಂದೆ. "ಆಳುಗಳು ಹಿಂದಿನಿಂದ ತಳ್ಳಿದ ಕಾರು. ಈಗಷ್ಟೇ ನೀವೇ ಹೇಳಿ ಸಹಿ ಹಾಕಿದ್ರಿ. ಅದಕ್ಕೆ ಡ್ರೈವರ್ ಯಾಕೆ ಬೇಕು? ಓಡಿಸಿದವನು ಈ ಕಾರಲ್ಲಿ ತಿರುವು ದಾಟಿದ. ಈ ಕಾರು ಬೀಳಲಿಲ್ಲ, ಇಲ್ಲೇ ಇದೆ, ಗೀರೂ ಬಿದ್ದಿಲ್ಲ. ಅವನು ಇದರಿಂದ ಇಳಿದು, ಹೋಗಿ ಆ ಖಾಲಿ ಡಬ್ಬಾದಲ್ಲಿ ಕೂತ್ಕೊಂಡು, 'ತಳ್ರಪ್ಪ' ಅಂದ್ನಾ?"

"ಕುಡಿದಿದ್ದ…"

"ಕುಡಿದವನು ಮೊಕತ್ತಮ್ ತಿರುವಲ್ಲಿ ಕಾರನ್ನ ಹಾಗೆ ತಿರುಗಿಸಲ್ಲ. ಮತ್ತೆ ಹಾಕಿ ನೋಡಿ ನಿಮ್ಮ ಟ್ಯಾಬಲ್ಲಿ. ದಾರ ಹಿಡಿದ ಹಾಗೆ ಹೋಗಿದೆ ಕಾರು. ಒಳಗೆ ಯಾರನ್ನ ಕೂರಿಸಿ ತಳ್ಳಿದ್ರು, ಹಾಝಿಮ್ ಬೇ? ಜೀವ ಇದ್ದಾಗ ಕೂರಿಸಿದ್ರಾ, ಹೋದ ಮೇಲೆ ಕೂರಿಸಿದ್ರಾ?"

ಅವನ ಮುಖದಿಂದ ಖುಷಿ ಇಳಿದುಹೋಯಿತು. ಕಿವಿಯ ಹಿಂದಿನ ಕಪ್ಪು ಬೆವರನ್ನು ಒರೆಸಿಕೊಂಡು, ಬೆರಳನ್ನು ನೋಡಿಕೊಂಡ.

"ನಾನಾಗ ಇನ್ನೂ ತೊಟ್ಟಿಲಲ್ಲಿದ್ದೆ," ಎಂದ. "ಅಪ್ಪನನ್ನ ಕೇಳಿ. ಬಸಾತೀನ್‌ನಲ್ಲಿ ಮಲಗಿದಾನೆ."

"ಅಮೃತಶಿಲೆಯ ಗೋರಿಯಲ್ಲಿ. ಗೊತ್ತು."

"ನೋಡಿ, ಯಾರಿಗೋಸ್ಕರ ಇದೆಲ್ಲ? ಆ ಹೆಂಗಸು ಕಳಿಸಿದಾಳಾ ನಿಮ್ಮನ್ನ? ಹತ್ತು ವರ್ಷದಿಂದ ನಮ್ಮ ಗೇಟಿಗೆ ಬಂದು ಬಂದು ಹೋಗ್ತಾಳೆ. ಸತ್ತವನು ಸತ್ತ. ಯಾವ ಗೋರಿಯಾದ್ರೆ ಏನು, ಮಣ್ಣು ಮಣ್ಣೇ ತಾನೆ?"

ನನಗೆ ಸಿಟ್ಟು ಬಂತು.

"ನಿಮ್ಮಪ್ಪನ ಮೂಳೆಯನ್ನ ಶುಕ್ರವಾರ ಬುಲ್ಡೋಜರ್ ಎತ್ತಲ್ಲ ಬೇ. ಅದಕ್ಕೆ ನಿಮಗೆ ಮಣ್ಣೆಲ್ಲ ಒಂದೇ. ಅವಳನ್ನ ಮದುವೆಯ ದಿನ 'ಕುಡುಕನ ಮಗಳು' ಅಂತ ಗಂಡನ ಮನೆಯವರು ಮೆಟ್ಟಿಲ ಮೇಲೆ ನಿಲ್ಲಿಸಿದ್ರು. ನಿಮ್ಮಪ್ಪ ಅತ್ತು ನಾಟಕ ಆಡಿದ್ದಕ್ಕೆ ಅವಳು ಅರವತ್ತು ವರ್ಷ ನಿಜವಾಗಿ ಅತ್ತಳು. ಕರೀತೀನಿ, ಬಂದು ತನ್ನಪ್ಪನ ಕೈ ನೋಡಲಿ. ಬೇಡ ಅನ್ನೋ ಮುಖ ಇದ್ರೆ ಅನ್ನಿ."

ಅವನು ಬೇಡ ಎನ್ನಲಿಲ್ಲ. "ಒಂದು ಫೋನ್ ಮಾಡಬೇಕು," ಎಂದು ಮಾವಿನ ಮರದತ್ತ ನಡೆದ. ವಕೀಲರಿಗಿರಬೇಕು ಎಂದುಕೊಂಡೆ. ಬೆನ್ನು ಮಾಡಿ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದ. ಒಂದೆರಡು ಸಲ 'ಹಾಜಿ' ಎಂದದ್ದಷ್ಟೇ ನನಗೆ ಕೇಳಿಸಿತು.

ಇನ್ಶಿರಾ ಒಳಗೆ ಬಂದಳು. ಕಪ್ಪು ನಿಲುವಂಗಿ, ಕೈಯಲ್ಲಿ ಔಷಧಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಹತ್ತು ವರ್ಷದಿಂದ ತೆರೆಯದಿದ್ದ ಗೇಟು ತೆರೆದಿದ್ದನ್ನೇ ನಂಬಲಾಗದವಳ ಹಾಗೆ ಹಿಂದಕ್ಕೆ ನೋಡಿಕೊಂಡೇ ನಡೆದಳು.

"ಸಿಕ್ತಾ ಉಸ್ತಾದ್?"

"ಸಿಕ್ತಮ್ಮ. ಕಾರು ಅದೇ. ಸಿನಿಮಾದ ಕಡೇ ತಿರುವಿನಲ್ಲಿ ಓಡಿದ್ದು ಇದೇ ಕಾರು. ಇದು ಬೆಟ್ಟದಿಂದ ಬೀಳಲೇ ಇಲ್ಲ. ಕುಡಿದು ಹಾರಲಿಲ್ಲ ಅನ್ನೋದು ಹಸಿ ಸುಳ್ಳು. ಹಾಝಿಮ್ ಬೇ ಕೈಲೇ ಸಹಿ ಹಾಕಿಸ್ಕೊಂಡಿದೀನಿ."

ಅವಳು ತುಟಿ ಕಚ್ಚಿ ಹಿಡಿದುಕೊಂಡಳು. ಆದರೂ ಕಣ್ಣು ತುಂಬಿದವು.

"ಇನ್ನೊಂದಿದೆ," ಎಂದೆ. ಹೆಮ್ಮೆಯಾಗಿತ್ತು, ಮುಚ್ಚಿಡುವುದೇಕೆ? "ಅವತ್ತು ಕಾರು ಓಡಿಸಿದವರು ಬಾಗಿಲಿಗೆ ಒತ್ತಿದ ಕೈ. ನಿಮ್ಮಪ್ಪನ ಕೈ. ನೋಡಿ ಬನ್ನಿ."

ಟಾರ್ಚು ಹಿಡಿದೆ. ಅವಳು ಬಾಗಿದಳು. ಐದು ವರ್ಷದವಳಿದ್ದಾಗ ಅಪ್ಪನನ್ನು ಕಳೆದುಕೊಂಡ ಮಗಳು ತನ್ನ ಸುಕ್ಕುಗಟ್ಟಿದ ಕೈಯನ್ನು ಮೆಲ್ಲಗೆ ಆ ಹಸ್ತದ ಮೇಲಿಟ್ಟಳು. ಹೆಬ್ಬೆರಳಿಗೆ ಹೆಬ್ಬೆರಳು, ತೋರುಬೆರಳಿಗೆ ತೋರುಬೆರಳು. ಉಂಗುರದ ಬೆರಳಿಗೆ ಬಂದಾಗ ಬೆಂಕಿ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು.

"ಇದು ನಮ್ಮಪ್ಪನ ಕೈಯಲ್ಲ."

"ಅಮ್ಮಾ, ನೀವಾಗ ಸಣ್ಣವರು. ನೆನಪಿರೋದು ಹೇಗೆ?"

"ಅಪ್ಪನ ಕೈ ನಂಗೆ ನೆನಪಿಲ್ಲ ಉಸ್ತಾದ್. ಈ ಕೈ ಗೊತ್ತು. ಇವತ್ತು ಬೆಳಿಗ್ಗೆ ಈ ಕೈಗೆ ನಾನೇ ಉಗುರು ಕತ್ತರಿಸಿ ಬಂದಿದೀನಿ. ಅಪ್ಪ ಹೋದ ಮೇಲೆ ನಂಗೆ ತುತ್ತು ಹಾಕಿದ್ದು ಈ ಕೈ. ನಿನ್ನಪ್ಪ ಕುಡುಕ ಅಂತ ಬಯ್ದು ಕೆನ್ನೆಗೆ ಹೊಡೆದದ್ದೂ ಇದೇ ಕೈ. ಬೆರಳು ಎಲ್ಲಿ ಹೋಯ್ತು ಅಂದ್ರೆ ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ತು ಅಂತಿದ್ರು."

"ಮಿತ್ವಲ್ಲಿ?"

"ದೊಡ್ಡಪ್ಪ." ಅವಳು ಕಾರಿನಿಂದ ಹಿಂದೆ ಸರಿದಳು. "ಅವರು ಕಾರು ಹತ್ತಿದ್ದನ್ನೇ ನಾನು ನೋಡಿಲ್ಲ ಉಸ್ತಾದ್. ಟ್ಯಾಕ್ಸಿ ಅಂದ್ರೂ ಬೇಡ, ಭಯ ಅಂತಾರೆ. ಆಸ್ಪತ್ರೆಗೂ ಬಸ್ಸಲ್ಲೇ ಕರ್ಕೊಂಡು ಹೋಗ್ತೀನಿ."

ನನ್ನ ಹೆಮ್ಮೆಯೆಲ್ಲ ಜರ್ರನೆ ಇಳಿಯಿತು. ಬಣ್ಣದ ಪದರಗಳನ್ನು ಓದಿದವನು, ಹಾಝಿಮ್‌ನನ್ನು ಕುಣಿಸಿದವನು, ಕೈ ಯಾರದು ಎಂದು ಕೇಳಿಕೊಳ್ಳಲೇ ಇಲ್ಲ. ಜಕರಿಯಾ ಓಡಿಸಿದ ಎಂದು ಜಗತ್ತು ಹೇಳಿತ್ತು, ನಾನೂ ನಂಬಿದ್ದೆ. ಆ ಮಾತನ್ನು ಮೊದಲು ಹೇಳಿದ್ದೂ ಫೂಆದ್ ಅಲ್ಫಿ ಮತ್ತು ಮಿತ್ವಲ್ಲಿಯೇ.

ಅಷ್ಟರಲ್ಲಿ ಅವಳ ಚೀಲದೊಳಗೆ ಫೋನು ಹೊಡೆದುಕೊಂಡಿತು. ಹೆಸರು ನೋಡಿ, "ದೊಡ್ಡಪ್ಪ," ಎಂದು ನನ್ನತ್ತ ತಿರುಗಿದಳು. ಮಾವಿನ ಮರದಡಿ ಹಾಝಿಮ್ ತನ್ನ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ ನಮ್ಮನ್ನೇ ನೋಡುತ್ತಿದ್ದ. ಅವನು ಮಾತಾಡಿದ್ದು ಯಾವ ಹಾಜಿಯ ಜೊತೆ ಎಂದು ಆಗ ಅರ್ಥವಾಯಿತು.

"ಎತ್ತಿ," ಎಂದೆ. "ನನಗೂ ಕೇಳಿಸೋ ಹಾಗೆ."

ಮುದಿ ದನಿ. ಪ್ರತಿ ಮಾತಿಗೂ ಉಬ್ಬಸ.

"ಇನ್ಶಿರಾ, ಎಲ್ಲಿದೀಯ ಅಂತ ನಂಗೊತ್ತು. ಆ ಕಾರಿನ ಹತ್ರ ನಿಲ್ಲಬೇಡ, ಮನೆಗೆ ಬಾ. ನಾಳೆನೇ ನಿನ್ನಪ್ಪನ್ನ ನಮ್ಮ ಗೋರಿಗೆ ತಂದುಬಿಡೋಣ. ಬೀಗದ ಕೈ ನಿಂಗೇ ಕೊಡ್ತೀನಿ. ನಾನೇ ಬಂದು ನಿಂತು ಪ್ರಾರ್ಥನೆ ಹೇಳಿಸ್ತೀನಿ. ಆ ಪೊಲೀಸಿನವನನ್ನ ಮಾತ್ರ ಕಳಿಸಿಬಿಡು ಮಗಳೇ."

ಬದುಕೆಲ್ಲ ಈ ಮಾತಿಗಾಗಿ ಕಾದಿದ್ದಳು. ಬಾಗಿಲು ಬಾಗಿಲು ಬಡಿದಿದ್ದಳು. ಈಗ ಅದು ಬೇಡದೆಯೇ ಕಿವಿಗೆ ಬಿದ್ದಿತ್ತು. 'ಆಗಲಿ' ಎಂದರೆ ಮುಗಿಯಿತು, ಶುಕ್ರವಾರದ ಭಯ ತಪ್ಪಿತು. ಅವಳು 'ಆಗಲಿ' ಎನ್ನುತ್ತಾಳೆ ಎಂದೇ ಅಂದುಕೊಂಡೆ. ಅಂದಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ.

"ದೊಡ್ಡಪ್ಪ," ಎಂದಳು, "ಒಂದೇ ಒಂದು ಹೇಳಿ. ಅಪ್ಪ ಅವತ್ತು ಕುಡಿದಿದ್ರಾ?"

ಹಾಝಿಮ್ ಲಗುಬಗೆಯಿಂದ ನಮ್ಮತ್ತ ಬರತೊಡಗಿದ.

"ನಿನ್ನಪ್ಪ…" ಮುದುಕ ತಡವರಿಸಿದ. "ಇಲ್ಲ ಮಗಳೇ. ಅವನು ಅವತ್ತು ಬೆಟ್ಟಕ್ಕೆ ಬಂದೇ ಇರಲಿಲ್ಲ."

ಫೋನು ಕಡಿದುಹೋಯಿತು. ಮತ್ತೆ ಹಚ್ಚಿದಳು, ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಹೆಣವನ್ನು ನೋಡಿ 'ಇವನು ನನ್ನ ತಮ್ಮ' ಎಂದು ಹೇಳಿದ್ದವನು ಆ ಮುದುಕನೊಬ್ಬನೇ ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು.

"ಉಸ್ತಾದ್," ಎಂದಳು ಇನ್ಶಿರಾ, ನನ್ನ ತೋಳನ್ನು ಬಿಗಿಯಾಗಿ ಹಿಡಿದು. "ಹಾಗಾದ್ರೆ ಪ್ರತಿ ಹಬ್ಬಕ್ಕೂ ಹೋಗಿ ಖರ್ಜೂರದ ಗರಿ ಇಟ್ಟು, 'ಅಪ್ಪಾ' ಅಂತ ಕರೆದು ಅತ್ತು ಬಂದೆನಲ್ಲ, ಅದು ಯಾರ ಗೋರಿ?"